ಗೇರ್ ಹಾಕುವ ಕಾರೋ, ತಾನೇ ಗೇರ್ ಬದಲಿಸುವ ಕಾರೋ?



ಮನೆಗೆ ಕಾರು ಬರುವುದು ಈಗ ಅಪರೂಪದ ಸಂಗತಿಯಾಗಿ ಉಳಿದಿಲ್ಲ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಗಳ ನಮ್ಮ ಕುಟುಂಬಗಳು ರೇಷ್ಮೆ, ತೆಂಗು, ಮಾವು, ವ್ಯಾಪಾರ, ನೌಕರಿ ಎಂದು ಯಾವ ಕಾಯಕದಿಂದ ಹಣ ಕೂಡಿಟ್ಟಿದ್ದರೂ, ಮನೆ ಮತ್ತು ಮದುವೆಗಳನ್ನು ಬಿಟ್ಟರೆ ದೊಡ್ಡ ಮೊತ್ತ ಒಮ್ಮೆಲೇ ಕೈಬಿಡುವುದು ಬಹುಶಃ ಕಾರು ಕೊಳ್ಳುವಾಗಲೇ. ಅದರ ಬಣ್ಣ ಯಾವುದಿರಬೇಕು, ಎಷ್ಟು ಮಂದಿ ಕುಳಿತುಕೊಳ್ಳುವಂತಿರಬೇಕು ಎಂಬುದನ್ನು ಮನೆಮಂದಿಯೆಲ್ಲ ಕುಳಿತು ಚರ್ಚಿಸುತ್ತಾರೆ. ಆದರೆ ಕೈಯಿಂದ ಗೇರ್ ಹಾಕುವ ಮ್ಯಾನ್ಯುವಲ್ ಕಾರು ಬೇಕೋ, ತಾನೇ ಗೇರ್ ಬದಲಿಸಿಕೊಳ್ಳುವ ಆಟೊಮ್ಯಾಟಿಕ್ ಕಾರು ಬೇಕೋ ಎಂಬ ಪ್ರಶ್ನೆ ಬಂದಾಗ ಮಾತ್ರ ಕಾರು ಓಡಿಸಬಲ್ಲ ಒಬ್ಬನೇ ತೀರ್ಮಾನ ಹೇಳಿಬಿಡುತ್ತಾನೆ. ಉಳಿದವರು ಅದು ತಮಗೆ ಸಂಬಂಧಿಸದ ಯಂತ್ರದ ವಿಚಾರವೆಂದು ಸುಮ್ಮನಾಗುತ್ತಾರೆ.

ಇದು ಸರಿಯಲ್ಲವೆಂಬುದು ನಮ್ಮ ಅಭಿಪ್ರಾಯ. ಮುಂದಿನ ಹತ್ತು ವರ್ಷಗಳ ಕಾಲ ಆ ಮನೆಯಲ್ಲಿ ಕಾರನ್ನು ಯಾರು ಓಡಿಸುತ್ತಾರೆ, ಯಾರು ಓಡಿಸುವುದೇ ಇಲ್ಲ ಎಂಬುದನ್ನು ಬಹಳಮಟ್ಟಿಗೆ ನಿರ್ಧರಿಸುವುದು ಈ ಒಂದು ಆಯ್ಕೆಯೇ. ಆದ್ದರಿಂದ ಈ ಸಂಚಿಕೆಯಲ್ಲಿ ಈ ವಿಷಯವನ್ನು ಸ್ವಲ್ಪ ವಿವರವಾಗಿ ವಿಚಾರ ಮಾಡೋಣ.

ನಮ್ಮ ನೆರೆಯ ಬಿಡದಿಯಲ್ಲಿಯೇ ಉದಾಹರಣೆ

ಈ ಪ್ರಶ್ನೆಗೆ ದೂರದ ದೇಶಗಳ ಉದಾಹರಣೆ ಹುಡುಕಬೇಕಾಗಿಲ್ಲ. 1997ರಲ್ಲಿ ಆರಂಭವಾದ ಟೊಯೋಟಾ ಕಿರ್ಲೋಸ್ಕರ್ ಸಂಸ್ಥೆಯ ಕಾರ್ಖಾನೆ ಇರುವುದು ರಾಮನಗರ ತಾಲ್ಲೂಕಿನ ಬಿಡದಿಯಲ್ಲಿ. 2000ದಲ್ಲಿ ಮಾರುಕಟ್ಟೆಗೆ ಬಂದ ಕ್ವಾಲಿಸ್ ಅಲ್ಲಿಯ ಮೊದಲ ವಾಹನ. ಅದರ ಜೊತೆಯ ಬಿಡಿಭಾಗಗಳ ಕಾರ್ಖಾನೆ 2004ರಿಂದ ಮ್ಯಾನ್ಯುವಲ್ ಗೇರ್‌ಬಾಕ್ಸ್‌ಗಳನ್ನು ತಯಾರಿಸಿ, ಹೊರದೇಶಗಳಲ್ಲಿ ಜೋಡಣೆಯಾಗುವ ಟೊಯೋಟಾ ವಾಹನಗಳಿಗೂ ಕಳುಹಿಸುತ್ತ ಬಂದಿದೆ. ಅಂದರೆ ಎಲ್ಲೋ ದೂರದ ನಾಡಿನಲ್ಲಿ ಒಬ್ಬ ಚಾಲಕ ಹಾಕುವ ಗೇರ್ ನಮ್ಮ ಬಿಡದಿಯಲ್ಲಿ ತಯಾರಾದುದಾಗಿರಬಹುದು.

ಅದೇ ಬಿಡದಿಯಿಂದ 2022ರ ಕೊನೆಯಲ್ಲಿ ಇನ್ನೋವಾ ಹೈಕ್ರಾಸ್ ಎಂಬ ಕಾರು ಹೊರಬಂದಿತು. ಅದರಲ್ಲಿ ಕ್ಲಚ್ ಪೆಡಲ್ ಇಲ್ಲವೇ ಇಲ್ಲ. ಮರುವರ್ಷ 2023ರಲ್ಲಿ ಡೀಸೆಲ್ ಎಂಜಿನ್ನಿನ ಇನ್ನೋವಾ ಕ್ರಿಸ್ಟಾ ಮರಳಿ ಮಾರುಕಟ್ಟೆಗೆ ಬಂದಾಗ ಅದು ಮ್ಯಾನ್ಯುವಲ್ ಗೇರ್‌ನಲ್ಲಿ ಮಾತ್ರ ದೊರೆಯಿತು. ಒಂದೇ ಹೆಸರು, ಒಂದೇ ಊರು, ಎರಡು ಬಗೆಯ ಕಾರು. ತಯಾರಿಸಿದವರೇ ಇದು ಮೇಲು, ಅದು ಕೀಳು ಎಂದು ಹೇಳಲಿಲ್ಲ. ಕೊಳ್ಳುವವರ ಬಳಕೆ ಬೇರೆ ಬೇರೆ ಎಂಬುದನ್ನು ಅವರು ಅರಿತಿದ್ದರು.

ತಾನೇ ಗೇರ್ ಬದಲಿಸುವ ಯಂತ್ರ ಹೊಸದೂ ಅಲ್ಲ. ಅಮೆರಿಕೆಯ ಜನರಲ್ ಮೋಟಾರ್ಸ್ ಕಂಪನಿ 1939ರಲ್ಲಿಯೇ ಅಂತಹ ಕಾರನ್ನು ದೊಡ್ಡ ಪ್ರಮಾಣದಲ್ಲಿ ಮಾರತೊಡಗಿತ್ತು. ನಮ್ಮ ದೇಶದಲ್ಲಿ ಮಾತ್ರ ಸ್ಟೀರಿಂಗ್ ಪಕ್ಕದಲ್ಲಿ ಗೇರ್ ಇದ್ದ ಹಳೆಯ ಅಂಬಾಸಿಡರ್ ಕಾಲದಿಂದ, 1983ರಲ್ಲಿ ಬಂದ ಮಾರುತಿ 800ರ ಕಾಲವನ್ನೂ ದಾಟಿ, ಕಾರು ಕಲಿಯುವುದೆಂದರೆ ಕ್ಲಚ್ ಕಲಿಯುವುದೆಂದೇ ಅರ್ಥವಾಗಿತ್ತು. 2014ರಲ್ಲಿ ಮಾರುತಿ ಸೆಲೆರಿಯೊ ಕಡಿಮೆ ವೆಚ್ಚದ ಎ.ಎಂ.ಟಿ. ಗೇರ್‌ನೊಂದಿಗೆ ಬಂದ ಮೇಲೆ ಆಟೊಮ್ಯಾಟಿಕ್ ಕಾರು ಮಧ್ಯಮ ವರ್ಗದ ಮನೆಗಳಿಗೂ ಎಟುಕಿತು.

ಆಟೊಮ್ಯಾಟಿಕ್ ಎಂದರೆ ಎಲ್ಲವೂ ಒಂದೇ ಅಲ್ಲ

ಷೋರೂಮಿನಲ್ಲಿ ಆಟೊಮ್ಯಾಟಿಕ್ ಎಂದು ಒಂದೇ ಮಾತಿನಲ್ಲಿ ಹೇಳಿದರೂ ಅದರಲ್ಲಿ ನಾಲ್ಕು ಬಗೆಗಳಿವೆ. ಯಾವುದೆಂದು ಕೇಳಿ ತಿಳಿಯದೆ ಮುಂಗಡ ಕೊಡಬಾರದು.

ಮೊದಲನೆಯದು ಎ.ಎಂ.ಟಿ. ಇದರೊಳಗೆ ಇರುವುದು ಮ್ಯಾನ್ಯುವಲ್ ಗೇರ್‌ಬಾಕ್ಸೇ. ಕ್ಲಚ್ ಒತ್ತುವ, ಗೇರ್ ತಳ್ಳುವ ಕೆಲಸವನ್ನು ನಮ್ಮ ಕೈಕಾಲುಗಳ ಬದಲು ಒಂದು ಯಂತ್ರ ಮಾಡುತ್ತದೆ. ಬೆಲೆ ಕಡಿಮೆ, ಇಂಧನದ ಖರ್ಚು ಮ್ಯಾನ್ಯುವಲ್‌ಗೆ ಹತ್ತಿರ. ಆದರೆ ಗೇರ್ ಬದಲಾಗುವಾಗ ಒಂದು ಕ್ಷಣ ಎಳೆತ ನಿಂತು ತಲೆ ಮುಂದಕ್ಕೆ ತೂಗಿದಂತಾಗುತ್ತದೆ. ಮುಂದಿನ ಲಾರಿಯನ್ನು ಹಿಂದಿಕ್ಕುವಾಗ ಈ ಕ್ಷಣವನ್ನು ಲೆಕ್ಕಕ್ಕೆ ಹಿಡಿದೇ ಹೊರಡಬೇಕು.

ಎರಡನೆಯದು ಟಾರ್ಕ್ ಕನ್ವರ್ಟರ್. ಎದುರುಬದುರು ಇಟ್ಟ ಎರಡು ಫ್ಯಾನುಗಳಲ್ಲಿ ಒಂದನ್ನು ಓಡಿಸಿದರೆ ಅದರ ಗಾಳಿಗೆ ಇನ್ನೊಂದೂ ತಿರುಗುವುದಷ್ಟೆ? ಇಲ್ಲಿ ಗಾಳಿಯ ಬದಲು ಎಣ್ಣೆ ಆ ಕೆಲಸ ಮಾಡುತ್ತದೆ. ಹಳೆಯ, ಗಟ್ಟಿಯಾದ, ನಯವಾದ ವ್ಯವಸ್ಥೆ. ಇಂಧನ ತುಸು ಹೆಚ್ಚು ಬೇಡಬಹುದು.

ಮೂರನೆಯದು ಸಿ.ವಿ.ಟಿ. ಇದರಲ್ಲಿ ಹಲ್ಲಿನ ಗೇರ್‌ಗಳ ಮೆಟ್ಟಿಲುಗಳಿಲ್ಲ. ಅಗಲ ಹೆಚ್ಚುಕಡಿಮೆಯಾಗುವ ಎರಡು ರಾಟೆಗಳ ನಡುವೆ ಒಂದು ಬೆಲ್ಟ್ ಓಡುತ್ತದೆ. ಪಟ್ಟಣದ ಒಳಗೆ ಅತ್ಯಂತ ಹಿತಕರ. ಜೋರಾಗಿ ತುಳಿದರೆ ಮಾತ್ರ ವೇಗಕ್ಕಿಂತ ಮೊದಲು ಎಂಜಿನ್ನಿನ ಸದ್ದು ಏರುತ್ತದೆ.

ನಾಲ್ಕನೆಯದು ಎರಡು ಕ್ಲಚ್‌ಗಳ ಡಿ.ಸಿ.ಟಿ. ಒಂದು ಕ್ಲಚ್ ಒಂದು, ಮೂರು, ಐದನೆಯ ಗೇರ್‌ಗಳನ್ನೂ, ಇನ್ನೊಂದು ಎರಡು, ನಾಲ್ಕು, ಆರನೆಯ ಗೇರ್‌ಗಳನ್ನೂ ನೋಡಿಕೊಳ್ಳುವುದರಿಂದ ಗೇರ್ ಬಹಳ ಬೇಗ ಬದಲಾಗುತ್ತದೆ. ಆದರೆ ಇಂಚಿಂಚು ಸರಿಯುವ ದಟ್ಟಣೆಯಲ್ಲಿ ಇದರ ಒಣ ಕ್ಲಚ್‌ನ ಬಗೆ ಬಿಸಿಯೇರುವ ಸಂಭವವಿದೆ. ದುರಸ್ತಿಯೂ ದುಬಾರಿ.

ಮೊದಲ ಪ್ರಶ್ನೆ: ಓಡಿಸುವವರು ಯಾರು?

ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. ಚನ್ನಪಟ್ಟಣದ ಸಮೀಪದ ಹಳ್ಳಿ. ಮಗ ದಿನವೂ ರೈಲಿನಲ್ಲಿ ಬೆಂಗಳೂರಿಗೆ ಹೋಗಿಬರುತ್ತಾನೆ. ವಾರದಲ್ಲಿ ಐದು ದಿನ ಕಾರು ಅಂಗಳದಲ್ಲಿಯೇ ನಿಂತಿರುತ್ತದೆ. ಮನೆಯಲ್ಲಿರುವವರು ಎಪ್ಪತ್ತು ಸಮೀಪಿಸಿದ ತಂದೆ, ಮಂಡಿನೋವಿನ ತಾಯಿ, ಸ್ಕೂಟರ್ ಚೆನ್ನಾಗಿ ಓಡಿಸಬಲ್ಲ ಸೊಸೆ ಮತ್ತು ಶಾಲೆಗೆ ಹೋಗುವ ಇಬ್ಬರು ಮಕ್ಕಳು. ಮಗನೊಬ್ಬನ ಅಭ್ಯಾಸವನ್ನು ನೋಡಿ ಮ್ಯಾನ್ಯುವಲ್ ಕಾರು ತಂದರೆ, ಸೊಸೆ ಎರಡು ಬಾರಿ ದಿಬ್ಬದಲ್ಲಿ ಕಾರು ಹಿಂದಕ್ಕೆ ಜಾರಿದ ಮೇಲೆ ತನಗೆ ಇದು ಬೇಡವೆಂದು ಬೀಗದ ಕೈಯನ್ನು ಗೋಡೆಗೆ ತೂಗುಹಾಕುತ್ತಾಳೆ. ಮಾವನವರ ಕಾಲಿಗೆ ಕ್ಲಚ್ ತುಳಿಯುವ ಶಕ್ತಿ ಕುಗ್ಗಿರುತ್ತದೆ. ಮಗ ಊರಿನಲ್ಲಿಲ್ಲದ ಒಂದು ರಾತ್ರಿ ಹಿರಿಯರಿಗೆ ಎದೆನೋವು ಬಂದರೆ, 108ಕ್ಕೆ ಕರೆ ಮಾಡುವುದೇ ಮೊದಲ ಕೆಲಸವೆಂಬುದು ನಿಜ. ಆದರೆ ಅಂಗಳದಲ್ಲಿ ಎಂಟು ಲಕ್ಷ ರೂಪಾಯಿಯ ಕಾರು ನಿಂತಿದ್ದು ಅದನ್ನು ಮುಟ್ಟಬಲ್ಲವರು ಮನೆಯಲ್ಲಿ ಒಬ್ಬರೂ ಇಲ್ಲವೆಂದರೆ, ಆ ಕಾರು ಮನೆಯದೆಂದು ಹೇಳುವುದು ಹೇಗೆ?

ಇಂತಹ ಮನೆಗೆ ಆಟೊಮ್ಯಾಟಿಕ್ ಒಂದು ಆಡಂಬರವಲ್ಲ, ಅಗತ್ಯ. ಸ್ಕೂಟರ್ ಅಭ್ಯಾಸವಿರುವ ಹೆಣ್ಣುಮಕ್ಕಳು ಕ್ಲಚ್ ಇಲ್ಲದ ಕಾರಿಗೆ ಬೇಗ ಹೊಂದಿಕೊಳ್ಳುತ್ತಾರೆ. ಗೇರ್‌ನತ್ತ ಹೋಗುವ ಗಮನ ರಸ್ತೆಯ ಮೇಲೆ ಉಳಿಯುತ್ತದೆ. ಎಡಗಾಲಿನಲ್ಲಿ ನೋವು ಅಥವಾ ಊನ ಇರುವವರಿಗೂ ಇದು ಸ್ವತಂತ್ರವಾಗಿ ಓಡಾಡುವ ದಾರಿ ತೆರೆಯುತ್ತದೆ. ಇದಕ್ಕೆ ಬದಲಾಗಿ, ಮನೆಯಲ್ಲಿ ಓಡಿಸುವವರೆಲ್ಲರೂ ಕ್ಲಚ್‌ನಲ್ಲಿ ಪಳಗಿದವರೇ ಆಗಿದ್ದರೆ ಹೆಚ್ಚಿನ ಹಣ ಸುರಿಯುವ ಅವಸರವೇನೂ ಇಲ್ಲ.

ಎರಡನೆಯ ಪ್ರಶ್ನೆ: ಓಡುವ ದಾರಿ ಯಾವುದು?

2007ರಲ್ಲಿ ರಾಮನಗರ ಜಿಲ್ಲೆಯಾಗಿ ರೂಪುಗೊಂಡು 2025ರಲ್ಲಿ ಬೆಂಗಳೂರು ದಕ್ಷಿಣವೆಂಬ ಹೆಸರು ಪಡೆದ ನಮ್ಮ ಜಿಲ್ಲೆಯ ದಾರಿಗಳು ಒಂದೇ ಬಗೆಯವಲ್ಲ. 2023ರ ಮಾರ್ಚ್ 12ರಂದು ಉದ್ಘಾಟನೆಯಾದ 118 ಕಿ.ಮೀ. ಉದ್ದದ ಬೆಂಗಳೂರು–ಮೈಸೂರು ಹೆದ್ದಾರಿ ಬಿಡದಿ, ರಾಮನಗರ, ಚನ್ನಪಟ್ಟಣಗಳ ಪೇಟೆಯನ್ನು ಹೊರಗಿನಿಂದಲೇ ಬಳಸಿಕೊಂಡು ಹೋಗುತ್ತದೆ. ಅಲ್ಲಿ ಮೇಲಿನ ಗೇರ್‌ಗೆ ಬಂದ ಮೇಲೆ ಕ್ಲಚ್‌ನ ನೆನಪೇ ಬರುವುದಿಲ್ಲ. ಆ ದಾರಿಗಾಗಿಯೇ ಆಟೊಮ್ಯಾಟಿಕ್ ಬೇಕೆನ್ನುವುದರಲ್ಲಿ ಅರ್ಥವಿಲ್ಲ. ಅದೇ ವರ್ಷದ ಆಗಸ್ಟ್ 1ರಿಂದ ಆ ಹೆದ್ದಾರಿಯ ಮುಖ್ಯ ಪಥದಲ್ಲಿ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲದಂತಾಯಿತು. ಬೈಕಿನಲ್ಲಿ ಓಡಾಡುತ್ತಿದ್ದ ಮನೆಗಳು ಕಾರಿನ ಕಡೆಗೆ ನೋಡುವುದಕ್ಕೆ ಇದೂ ಒಂದು ಕಾರಣ.

ಕಾಲಿಗೆ ನಿಜವಾದ ಪರೀಕ್ಷೆ ಬರುವುದು ಬೆಂಗಳೂರು ಮುಟ್ಟಿದ ಮೇಲೆ. ಮೈಸೂರು ರಸ್ತೆಯವರಿಗೆ ಕೆಂಗೇರಿಯಿಂದ ನಾಯಂಡಹಳ್ಳಿಯವರೆಗೆ, ಕನಕಪುರ ರಸ್ತೆಯವರಿಗೆ ಕೋಣನಕುಂಟೆಯಿಂದ ಬನಶಂಕರಿಯವರೆಗೆ, ಮಾಗಡಿ ರಸ್ತೆಯವರಿಗೆ ಸುಮನಹಳ್ಳಿಯ ಆಸುಪಾಸಿನಲ್ಲಿ ನಿಂತು ನಿಂತು ಸರಿಯುವ ದಟ್ಟಣೆ. ದಿನವೂ ಈ ದಾರಿ ತುಳಿಯುವವರಿಗೆ ಆಟೊಮ್ಯಾಟಿಕ್ ಒಳ್ಳೆಯದು. ತಿಂಗಳಿಗೊಮ್ಮೆ ಹೋಗುವವರು ಮೆಟ್ರೊವನ್ನೂ ನೆನೆಯಬಹುದು. ಕನಕಪುರ ರಸ್ತೆಯಲ್ಲಿ 2021ರಿಂದ ರೇಷ್ಮೆ ಸಂಸ್ಥೆಯವರೆಗೆ, ಮೈಸೂರು ರಸ್ತೆಯಲ್ಲಿ 2023ರಿಂದ ಚಲ್ಲಘಟ್ಟದವರೆಗೆ ಮೆಟ್ರೊ ಬಂದಿದೆ. ಅಲ್ಲಿಂದ ಮುಂದಕ್ಕೆ ಕಾರಿನ ಗೊಡವೆಯೇ ಬೇಡ.

ಇನ್ನು ಮಾವಿನ ತೋಟದ ಕೆಸರು ದಾರಿ, ಸಾವನದುರ್ಗದ ಸುತ್ತಿನ ಏರಿಳಿತ, ಕನಕಪುರದಿಂದ ಸಂಗಮದ ಕಡೆಗೆ ಇಳಿಯುವ ಕಾಡಿನ ಹಾದಿ ಇವುಗಳಲ್ಲಿ ಯಾವ ಗೇರ್‌ನಲ್ಲಿ ಎಷ್ಟು ಹೊತ್ತು ಇರಬೇಕೆಂಬುದನ್ನು ತಾನೇ ನಿರ್ಧರಿಸಬಲ್ಲ ಮ್ಯಾನ್ಯುವಲ್ ಚಾಲಕನಿಗೆ ಅನುಕೂಲ ಹೆಚ್ಚು. ಹಳ್ಳಿಯಲ್ಲಿ ಬ್ಯಾಟರಿ ಇಳಿದುಹೋದರೆ ನಾಲ್ಕು ಜನ ತಳ್ಳಿ ಅದನ್ನು ಸ್ಟಾರ್ಟ್ ಮಾಡಬಹುದು. ಆಟೊಮ್ಯಾಟಿಕ್‌ಗೆ ಸಾಮಾನ್ಯವಾಗಿ ಅದು ಸಾಧ್ಯವಿಲ್ಲ. ಕ್ಲಚ್ ಪ್ಲೇಟ್ ಸವೆದರೆ ಊರಿನ ಮೆಕ್ಯಾನಿಕ್ ಬದಲಿಸಿಕೊಡುತ್ತಾನೆ. ಆಟೊಮ್ಯಾಟಿಕ್ ಕೆಟ್ಟರೆ ಬಹುಮಟ್ಟಿಗೆ ಕಂಪನಿಯ ಸರ್ವಿಸ್ ಸೆಂಟರಿಗೇ ಸಾಗಿಸಬೇಕಾಗುತ್ತದೆ.

ಮೂರನೆಯ ಪ್ರಶ್ನೆ: ಹಣ

ಎ.ಎಂ.ಟಿ.ಗೆ ಮ್ಯಾನ್ಯುವಲ್‌ಗಿಂತ ಐವತ್ತು ಸಾವಿರ ರೂಪಾಯಿಗಳ ಆಸುಪಾಸು ಹೆಚ್ಚು ಕೊಡಬೇಕಾಗುತ್ತದೆ. ಉಳಿದ ಬಗೆಗಳಿಗೆ ಒಂದು ಲಕ್ಷ ಅಥವಾ ಅದಕ್ಕೂ ಮೇಲೆ. ಇಲ್ಲಿ ಅನೇಕರು ಮರೆಯುವ ಒಂದು ಲೆಕ್ಕವಿದೆ. ನಮ್ಮ ರಾಜ್ಯದಲ್ಲಿ ಪೆಟ್ರೋಲ್, ಡೀಸೆಲ್ ಕಾರುಗಳ ಆಜೀವ ತೆರಿಗೆ ಬೆಲೆಯೊಂದಿಗೆ ಏರುತ್ತದೆ. 5 ಲಕ್ಷದಿಂದ 10 ಲಕ್ಷದವರೆಗೆ ಶೇ. 14, ಅದನ್ನು ದಾಟಿ 20 ಲಕ್ಷದವರೆಗೆ ಶೇ. 17. ಮ್ಯಾನ್ಯುವಲ್ ಕಾರಿನ ಬೆಲೆ 9,60,000 ರೂ. ಇದ್ದರೆ ತೆರಿಗೆ 1,34,400 ರೂ. ಅದೇ ಕಾರಿನ ಆಟೊಮ್ಯಾಟಿಕ್ 10,40,000 ರೂ. ಆದರೆ ತೆರಿಗೆ 1,76,800 ರೂ. ಬೆಲೆಯ ವ್ಯತ್ಯಾಸ 80,000 ಎಂದು ಕಂಡರೂ ಕೈಯಿಂದ ಹೋಗುವುದು 1,22,400 ರೂ. ಸೆಸ್ ಮತ್ತು ವಿಮೆ ಇದಕ್ಕೆ ಹೊರತು. ಆದ್ದರಿಂದ ಷೋರೂಮ್ ಬೆಲೆಗಳನ್ನಲ್ಲ, ರಸ್ತೆಗೆ ಇಳಿಯುವ ಹೊತ್ತಿನ ಎರಡು ಬೆಲೆಗಳನ್ನು ಬರೆಸಿಕೊಂಡು ಹೋಲಿಸಬೇಕು. ಸಾಲ ಮಾಡಿ ಕೊಳ್ಳುವವರು ಇದಕ್ಕೆ ಬಡ್ಡಿಯನ್ನೂ ಸೇರಿಸಬೇಕು.

ಸುಲಭವೆಂದು ಮೈಮರೆಯಬಾರದು

ಆಟೊಮ್ಯಾಟಿಕ್ ಕಾರು ಸುಲಭವಾದದ್ದರಿಂದಲೇ ಅದರಲ್ಲಿ ಒಂದು ಅಪಾಯವೂ ಇದೆ. ಮ್ಯಾನ್ಯುವಲ್‌ನಲ್ಲಿ ಕ್ಲಚ್ ತಪ್ಪಿದರೆ ಕಾರು ಕುಲುಕಿ ನಿಂತುಬಿಡುತ್ತದೆ. ಆಟೊಮ್ಯಾಟಿಕ್‌ನಲ್ಲಿ ಬ್ರೇಕ್ ಎಂದು ಆಕ್ಸಿಲರೇಟರ್ ತುಳಿದರೆ ಅದು ನಿಲ್ಲದೆ ಮುನ್ನುಗ್ಗುತ್ತದೆ. ಮಕ್ಕಳು ಆಡುವ ಅಂಗಳದಲ್ಲಿ, ಕಾಂಪೌಂಡಿನೊಳಗೆ ಇಂತಹ ತಪ್ಪು ಆಗಲೇಬಾರದು. ಆದ್ದರಿಂದ ಕೆಲವು ನಿಯಮಗಳನ್ನು ಮನೆಯವರೆಲ್ಲರೂ ರೂಢಿಸಿಕೊಳ್ಳಬೇಕು.

ಎರಡು ಪೆಡಲ್‌ಗಳಿಗೂ ಬಲಗಾಲೊಂದೇ. ಎಡಗಾಲಿಗೆ ಅಲ್ಲಿ ಕೆಲಸವೇ ಇಲ್ಲ. 'ಪಿ'ಯಿಂದ 'ಡಿ'ಗೆ ಅಥವಾ 'ಆರ್'ಗೆ ಬರುವ ಮುನ್ನ ಬ್ರೇಕ್ ತುಳಿದಿರಬೇಕು. 'ಡಿ'ಯಲ್ಲಿದ್ದಾಗ ಬ್ರೇಕ್ ಬಿಟ್ಟರೆ ಬಹುತೇಕ ಕಾರುಗಳು ತಾವಾಗಿಯೇ ಮೆಲ್ಲಗೆ ಚಲಿಸುತ್ತವೆ ಎಂಬುದು ನೆನಪಿರಲಿ. ನಿಲ್ಲಿಸುವಾಗ ಕಾರು ಪೂರ್ತಿ ನಿಂತ ಮೇಲೆ ಹ್ಯಾಂಡ್‌ಬ್ರೇಕ್ ಎಳೆದು, ಆಮೇಲೆ 'ಪಿ'ಗೆ ಹಾಕಬೇಕು. ಅನೇಕ ಎ.ಎಂ.ಟಿ. ಕಾರುಗಳಲ್ಲಿ 'ಪಿ' ಇರುವುದಿಲ್ಲವಾದ್ದರಿಂದ, ಅಂಥವನ್ನು ಹೇಗೆ ನಿಲ್ಲಿಸಬೇಕೆಂದು ಕೈಪಿಡಿಯಲ್ಲಿ ಓದಿಕೊಳ್ಳಬೇಕು. ದಿಬ್ಬದಲ್ಲಿ ಆಕ್ಸಿಲರೇಟರ್ ಮೆಲ್ಲಗೆ ತುಳಿಯುತ್ತ ಕಾರನ್ನು ಹಿಡಿದು ನಿಲ್ಲಿಸುವುದು ತಪ್ಪು. ಅದರಿಂದ ಎ.ಎಂ.ಟಿ.ಯ ಕ್ಲಚ್ ಸುಟ್ಟುಹೋಗುತ್ತದೆ. ಉದ್ದನೆಯ ಇಳಿಜಾರಿನಲ್ಲಿ ಬ್ರೇಕ್ ಒಂದನ್ನೇ ನಂಬದೆ ಕೆಳಗಿನ ಗೇರ್‌ಗೆ ಇಳಿಸಿಕೊಳ್ಳಬೇಕು. ಆಟೊಮ್ಯಾಟಿಕ್‌ಗಳಲ್ಲಿಯೂ ಅದಕ್ಕೆ ಏರ್ಪಾಡಿರುತ್ತದೆ.

ಕಲಿಕೆಯ ವಿಚಾರದಲ್ಲಿ ನಮ್ಮದೊಂದು ವಿನಂತಿ. 1988ರ ಮೋಟಾರು ವಾಹನ ಕಾಯ್ದೆಯು ಮೋಟಾರ್ ಸೈಕಲ್ಲಿನಲ್ಲಿ ಗೇರ್ ಇರುವುದಕ್ಕೂ ಇಲ್ಲದ್ದಕ್ಕೂ ಬೇರೆ ಬೇರೆ ಲೈಸೆನ್ಸ್ ವರ್ಗ ಮಾಡಿದೆ. ಕಾರಿಗೆ ಹಾಗೆ ಮಾಡಿಲ್ಲ, ಎರಡಕ್ಕೂ ಲಘು ಮೋಟಾರು ವಾಹನವೆಂಬ ಒಂದೇ ವರ್ಗ. ಆಟೊಮ್ಯಾಟಿಕ್ ಮಾತ್ರ ಬಲ್ಲವರ ಕೈಯಲ್ಲಿಯೂ ಮ್ಯಾನ್ಯುವಲ್ ಓಡಿಸುವ ಕಾಗದವಿರುತ್ತದೆ, ಆದರೆ ಕಾಲಿಗೆ ಅಭ್ಯಾಸವಿರುವುದಿಲ್ಲ. ಮನೆಗೆ ತರುವುದು ಆಟೊಮ್ಯಾಟಿಕ್ ಆದರೂ ಮಕ್ಕಳು ಡ್ರೈವಿಂಗ್ ಸ್ಕೂಲಿನಲ್ಲಿ ಕ್ಲಚ್‌ನ ಕಾರಿನಲ್ಲಿಯೇ ಕಲಿಯಲಿ. ಬಂಧುಗಳ ಕಾರನ್ನು ಆಪತ್ತಿನಲ್ಲಿ ಓಡಿಸಬೇಕಾಗಿ ಬಂದಾಗ ಆ ವಿದ್ಯೆ ನೆರವಿಗೆ ಬರುತ್ತದೆ. ಆ ಕಲಿಕೆ ಕೈಗೂಡದ ಹಿರಿಯರನ್ನು ಮಾತ್ರ ಒತ್ತಾಯಿಸುವುದು ಬೇಡ.

ಕೊನೆಯದಾಗಿ, ಟೆಸ್ಟ್ ಡ್ರೈವ್‌ಗೆ ಮನೆಯಲ್ಲಿ ಚೆನ್ನಾಗಿ ಓಡಿಸುವವನೊಬ್ಬನೇ ಹೋಗಬಾರದು. ಅವನಿಗೆ ಯಾವ ಕಾರಾದರೂ ಸರಿಹೋಗುತ್ತದೆ. ಸೊಸೆಯೋ ಮಗಳೋ ತಾಯಿಯೋ, ಮನೆಯಲ್ಲಿ ಅತ್ಯಂತ ಕಡಿಮೆ ಧೈರ್ಯದ ಚಾಲಕರು ಯಾರೋ ಅವರನ್ನು ಕರೆದೊಯ್ಯಿರಿ. ಲೈಸೆನ್ಸ್ ಇದ್ದರೆ ಅವರನ್ನೇ ಸ್ಟೀರಿಂಗ್ ಹಿಡಿಯಲು ಕೂರಿಸಿ, ಒಂದು ಏರು, ಒಂದು ಇಕ್ಕಟ್ಟಿನ ಬೀದಿ, ಒಂದು ಹಿಂಬದಿ ತಿರುವು ಮಾಡಿಸಿ ನೋಡಿ. ಅವರ ಮುಖದಲ್ಲಿ ನಿರಾಳತೆ ಕಂಡ ಕಾರೇ ನಿಮ್ಮ ಮನೆಯ ಕಾರು. ಅದು ಮ್ಯಾನ್ಯುವಲ್ ಆದರೆ ಉಳಿದ ಹಣ ಮಕ್ಕಳ ಓದಿಗಾಗಲಿ. ಆಟೊಮ್ಯಾಟಿಕ್ ಆದರೆ ಕೊಟ್ಟ ಹಣ ವ್ಯರ್ಥವೆಂದು ಯಾರೂ ಕೊರಗುವುದು ಬೇಡ.

ವೀರಾಪುರದ ದರ್ಶನಕ್ಕೆ ಹೊರಟರೂ, ಗೂಡಿನ ಮಾರುಕಟ್ಟೆಗೆ ಹೊರಟರೂ ಎಲ್ಲರೂ ಕ್ಷೇಮವಾಗಿ ಮನೆ ಸೇರಲಿ ಎಂದು ಹಾರೈಸುತ್ತೇವೆ.