ಬಿ.ಕಾಂ. ಬಿಟ್ಟು ನರ್ಸಿಂಗಿಗೆ ಹೊರಟ ಮಗಳು

ಸಹೋದರಿಯರೇ, ನಿಮ್ಮ ಮನೆಯಲ್ಲೂ ಇಂಥ ಒಬ್ಬಳು ಮಗಳಿರಬಹುದು. ಪಿಯುಸಿಯಲ್ಲಿ ಸಾಯನ್ಸ್ ತೆಗೆದುಕೊಂಡಳು. ಭೌತಶಾಸ್ತ್ರ ತಲೆಗೆ ಹತ್ತಲಿಲ್ಲ, ಹೇಗೋ ಪಾಸಾದಳು. "ಇನ್ನು ಸಾಯನ್ಸ್‌ನ ಸಹವಾಸ ಬೇಡ" ಎಂದು ಮನೆಯವರು ಬಿ.ಕಾಂ.ಗೆ ಸೇರಿಸಿದರು. ಒಂದು ವರ್ಷ ಕಳೆಯಿತು. ಅಜ್ಜಿಯ ಜೊತೆ ಹತ್ತು ದಿನ ಆಸ್ಪತ್ರೆಯಲ್ಲಿದ್ದು ಬಂದವಳು ಈಗ, "ಉಮ್ಮಾ, ನಾನು ನರ್ಸಿಂಗ್ ಮಾಡುತ್ತೇನೆ" ಎನ್ನುತ್ತಾಳೆ. ಅಣ್ಣ ನಗುತ್ತಾನೆ, "ಫಿಸಿಕ್ಸ್‌ನಲ್ಲಿ 35 ತೆಗೆದವಳು ನರ್ಸ್ ಆಗುತ್ತಾಳಂತೆ!"

ನಗುವ ಮೊದಲು ಆಕೆಯ ಅಂಕಪಟ್ಟಿಯನ್ನೊಮ್ಮೆ ತೆಗೆದು ನೋಡಿ. ನಾಲ್ಕು ವರ್ಷದ ಬಿ.ಎಸ್ಸಿ. ನರ್ಸಿಂಗಿಗೆ ಭೌತಶಾಸ್ತ್ರ, ರಸಾಯನಶಾಸ್ತ್ರ, ಜೀವಶಾಸ್ತ್ರ ಮೂರೂ ಸೇರಿ ಶೇ. 45 ಬೇಕು. ಇಂಗ್ಲಿಷಿನಲ್ಲಿ ಪಾಸಾಗಿರಬೇಕು. ಅಂದರೆ 300ಕ್ಕೆ 135. ಭೌತಶಾಸ್ತ್ರದಲ್ಲಿ 35, ರಸಾಯನಶಾಸ್ತ್ರದಲ್ಲಿ 45, ಜೀವಶಾಸ್ತ್ರದಲ್ಲಿ 55 ಇದ್ದರೂ ಲೆಕ್ಕ ಸರಿಹೋಯಿತು! ಎಷ್ಟೋ ಮನೆಗಳಲ್ಲಿ ಒಂದು ವಿಷಯದ ಅಂಕ ನೋಡಿಯೇ ಬಾಗಿಲು ಮುಚ್ಚಿಬಿಡುತ್ತೇವೆ. ಆದರೆ ಇದು ಅರ್ಜಿ ಹಾಕುವುದಕ್ಕೆ ಬೇಕಾದ ಅರ್ಹತೆ ಮಾತ್ರ. ಸರಕಾರಿ ಸೀಟು ಬೇಕಾದರೆ ಸಿಇಟಿ ಬರೆಯಬೇಕು, ಅಲ್ಲಿ ಪೈಪೋಟಿ ಇದೆ.

135 ಆಗದಿದ್ದರೆ ಮೂರು ವರ್ಷದ ಜಿ.ಎನ್.ಎಂ. ಡಿಪ್ಲೊಮಾ ಇದೆ. ಪಿಯುಸಿಯಲ್ಲಿ ಒಟ್ಟು ಶೇ. 40 ಮತ್ತು ಇಂಗ್ಲಿಷಿನಲ್ಲಿ ಶೇ. 40 ಸಾಕು. ಸಾಯನ್ಸ್ ಓದಿದವರಿಗೆ ಆದ್ಯತೆ ಇದ್ದರೂ ಆರ್ಟ್ಸ್, ಕಾಮರ್ಸ್‌ನವರಿಗೂ ಅವಕಾಶವಿದೆ. ಅದು ಮುಗಿಸಿ ನರ್ಸ್ ಆಗಿ ನೋಂದಣಿ ಮಾಡಿಸಿಕೊಂಡವರು ಮತ್ತೆರಡು ವರ್ಷ ಓದಿ ಪೋಸ್ಟ್ ಬೇಸಿಕ್ ಬಿ.ಎಸ್ಸಿ. ಮಾಡಬಹುದು. ದಾರಿ ಒಂದು ವರ್ಷ ಉದ್ದವಾಯಿತು, ಅಷ್ಟೆ.

ಹಾಗೆಂದು ನರ್ಸಿಂಗಿನಲ್ಲಿ ವಿಜ್ಞಾನವೇ ಇಲ್ಲ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಪಿಯುಸಿಯ ಭೌತಶಾಸ್ತ್ರ ಅಲ್ಲಿ ಮತ್ತೆ ಕಾಡುವುದಿಲ್ಲ, ನಿಜ. ಆದರೆ ಶರೀರ ರಚನೆ, ಅಂಗಾಂಗಗಳ ಕೆಲಸ, ರೋಗಾಣುಗಳು, ಔಷಧಗಳು ಇವೆಲ್ಲ ಇವೆ, ಅದೂ ಇಂಗ್ಲಿಷಿನಲ್ಲಿ. ಮೊದಲ ವರ್ಷ ಮೂಳೆಗಳ ಹೆಸರು ಬಾಯಿಪಾಠ ಮಾಡುವಾಗ ಅಳು ಬರುವುದುಂಟು.

ನನ್ನ ಮಟ್ಟಿಗೆ ಅದಕ್ಕಿಂತ ಮುಖ್ಯವಾದುದು ಏಳನೇ ತರಗತಿಯ ಗಣಿತ. 500 ಮಿಲಿ ಗ್ಲೂಕೋಸ್ ನಾಲ್ಕು ಗಂಟೆಯಲ್ಲಿ ರೋಗಿಗೆ ಹೋಗಬೇಕು. ಆ ಡ್ರಿಪ್ ಸೆಟ್‌ನಲ್ಲಿ ಒಂದು ಮಿಲಿಗೆ 20 ಹನಿ. ನಿಮಿಷಕ್ಕೆ ಎಷ್ಟು ಹನಿ ಬಿಡಬೇಕು? 500ನ್ನು 20ರಿಂದ ಗುಣಿಸಿ, 240 ನಿಮಿಷದಿಂದ ಭಾಗಿಸಿ: ಸುಮಾರು 42. ಇದು ತಪ್ಪಿದರೆ ಅಂಕ ಕಳೆಯುವುದಿಲ್ಲ, ರೋಗಿಗೆ ಅಪಾಯ. ಮಗಳ ಕೈಗೆ ಪೆನ್ನು ಕೊಟ್ಟು ಇಂಥ ನಾಲ್ಕು ಲೆಕ್ಕ ಮಾಡಿಸಿ. ತಪ್ಪಾದರೆ ಬೈಯಬೇಡಿ. ಮತ್ತೆ ಕೂತು ಮಾಡುತ್ತಾಳೋ, ಪುಸ್ತಕ ಮುಚ್ಚಿ ಏಳುತ್ತಾಳೋ ನೋಡಿ. ನನಗೆ ಅಂಕಪಟ್ಟಿಗಿಂತ ಅದರಲ್ಲೇ ಹೆಚ್ಚು ನಂಬಿಕೆ.

ಇನ್ನು ಬಂಧುಗಳ ಮಾತು. "ರಾತ್ರಿ ಡ್ಯೂಟಿ ಹುಡುಗಿಗೆ ಗಂಡು ಎಲ್ಲಿ ಸಿಗುತ್ತಾನೆ?" ಹೀಗೆ ಕೇಳುವ ಅತ್ತೆಯೇ ತನ್ನ ಸೊಸೆಯ ಹೆರಿಗೆಗೆ ಹೋದಾಗ "ಲೇಡಿ ನರ್ಸ್ ಇದ್ದಾರಾ?" ಎಂದು ಮೊದಲು ವಿಚಾರಿಸುತ್ತಾರೆ! ಖಂದಕ್ ಯುದ್ಧದಲ್ಲಿ ಗಾಯಗೊಂಡ ಸಅದ್ ಬಿನ್ ಮುಆದ್(ರ)ರನ್ನು ಪ್ರವಾದಿವರ್ಯರು(ಸ) ಆರೈಕೆಗಾಗಿ ಕಳುಹಿಸಿದ್ದು ರುಫೈದಾ(ರ) ಎಂಬ ಮಹಿಳೆಯ ಡೇರೆಗೆ ಎಂಬುದನ್ನು ಆ ಅತ್ತೆಗೆ ನೆನಪಿಸಬಹುದು. ರಾತ್ರಿ ಹೋಗಿಬರುವ ವ್ಯವಸ್ಥೆ, ಹಾಸ್ಟೆಲ್, ಸಮವಸ್ತ್ರದೊಂದಿಗೆ ತಲೆವಸ್ತ್ರಕ್ಕೆ ಅವಕಾಶ ಇವುಗಳನ್ನು ಮಾತ್ರ ಸೇರುವ ಮೊದಲೇ ಕಾಲೇಜಿನಲ್ಲಿ ಕೇಳಿ ತಿಳಿದುಕೊಳ್ಳಿ. ಆಮೇಲೆ ಜಗಳ ಬೇಡ.

ಬಿ.ಕಾಂ.ನಲ್ಲಿ ಕಳೆದ ವರ್ಷ ಇಲ್ಲಿ ಲೆಕ್ಕಕ್ಕೆ ಬರುವುದಿಲ್ಲ, ಮೊದಲ ವರ್ಷದಿಂದಲೇ ಶುರು. ಆ ಫೀಸು ಹೋಯಿತೆಂದು ಮಗಳನ್ನು ಚುಚ್ಚಬೇಡಿ. ಆದರೆ ಹೊಸ ಕಡೆ ಸೀಟು ಖಚಿತವಾಗುವವರೆಗೆ ಹಳೆಯ ಕಾಲೇಜಿನಿಂದ ಟಿ.ಸಿ. ತೆಗೆಯಬೇಡಿ. ಕಾಲೇಜಿಗೆ ಭಾರತೀಯ ಮತ್ತು ರಾಜ್ಯ ನರ್ಸಿಂಗ್ ಕೌನ್ಸಿಲ್‌ಗಳ ಮಾನ್ಯತೆ ಇದೆಯೇ ಎಂದು ನೀವೇ ನೋಡಿ. "ಮನೆಯಲ್ಲೇ ಕೂತು ನರ್ಸಿಂಗ್" ಎನ್ನುವವರ ಹತ್ತಿರ ಸುಳಿಯಬೇಡಿ. ಸೀಟು ಕೊಡಿಸುತ್ತೇನೆಂದು ಬರುವ ಏಜೆಂಟನ ಕೈಗೆ ಮೂಲ ಅಂಕಪಟ್ಟಿ ಕೊಡಲೇಬೇಡಿ, ಎಷ್ಟೇ ಹತ್ತಿರದ ಸಂಬಂಧಿಯಾದರೂ ಸರಿ. ಜೆರಾಕ್ಸ್ ಸಾಕು.