ದಂಡು ಗೆದ್ದ ಮೇಲಿನ ಕಾರಭಾರ

ಗೊಟಗೋಡಿಗೆ ನೆರೆಯದಾದ ಸವಣೂರು ಸಂಸ್ಥಾನವು 1948ರ ಮಾರ್ಚಿಯಲ್ಲಿ ಶಾಂತವಾಗಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. ಅದೇ ವರ್ಷ ಹೈದರಾಬಾದಿಗೆ ದಂಡನ್ನೇ ಕಳುಹಬೇಕಾಯಿತು. ರಜಾಕಾರರ ಹಾವಳಿಯಿಂದ ರಾಯಚೂರು, ಗುಲಬರ್ಗಾ, ಬೀದರ ಜಿಲ್ಲೆಗಳ ಜನರು ಮನೆಮಾರು ತೊರೆದು ಬಂದುದನ್ನೂ, ಮುಂಡರಗಿ ಗಜೇಂದ್ರಗಡಗಳ ಶಿಬಿರಗಳನ್ನೂ ವಾಚಕರು ಬಲ್ಲರು. ಆ ಕಾರ್ಯಾಚರಣೆಯು ಅನಿವಾರ್ಯವಿದ್ದಿತೆಂಬುದರಲ್ಲಿ ನಮಗೆ ಸಂಶಯವಿಲ್ಲ.

ಆದರೆ ಸೆಪ್ಟೆಂಬರ 13ರಂದು ಗಡಿ ದಾಟಿದ ಸೈನ್ಯಕ್ಕೆ ಐದೇ ದಿನಗಳಲ್ಲಿ ದೊರೆತ ಜಯವು ಕಾರಭಾರಕ್ಕೆ ಅಷ್ಟು ಬೇಗ ದೊರೆಯಲಿಲ್ಲ. ಜನರಲ್ ಚೌಧರಿಯವರ ಸೈನಿಕ ಆಡಳಿತವು 1949ರಲ್ಲಿ ಜಹಗೀರುಗಳನ್ನು ರದ್ದುಗೊಳಿಸಿದ್ದು ದೊಡ್ಡ ಕೆಲಸವೇ ಸರಿ. ಆದರೂ ರಜಾಕಾರರ ಪಾಪಕ್ಕೆ ನಿರಪರಾಧಿ ಮುಸಲ್ಮಾನರು ಬಲಿಯಾದುದನ್ನು ತಿಳಿಸಿದ ಪಂಡಿತ ಸುಂದರಲಾಲರ ಸಮಿತಿಯ ವರದಿಯನ್ನು ಸರಕಾರವು ದಶಕಗಳ ಕಾಲ ಮುಚ್ಚಿಟ್ಟಿತು. ರಾಷ್ಟ್ರಾಭಿಮಾನಿಗಳಾದ ನಮಗೆ ಇದು ಭೂಷಣವಲ್ಲ. ಹೊರಗಿನಿಂದ ಬಂದ ಅಧಿಕಾರಿಗಳ ವಿಷಯದಲ್ಲಿ ಬೆಳೆದ ಅಸಮಾಧಾನವು 1952ರಲ್ಲಿ ಮುಲ್ಕಿ ಚಳವಳಿಯಾಗಿ ಸಿಡಿಯಿತು.

ಇಷ್ಟಾದರೂ ರಾಜ್ಯಯಂತ್ರವು ಕುಸಿಯಲಿಲ್ಲ. 2003ರಲ್ಲಿ ಇರಾಕನ್ನು ಹಿಡಿದ ಅಮೇರಿಕದವರು ಅಲ್ಲಿಯ ಸೈನ್ಯವನ್ನೇ ವಿಸರ್ಜಿಸಿ, ಬಾಥ್ ಪಕ್ಷದ ಅಧಿಕಾರಿಗಳನ್ನು ಮನೆಗಟ್ಟಲು, ಸಂಬಳ ತಪ್ಪಿದ ಬಂದೂಕುಗಳು ಅವರ ಮೇಲೆಯೇ ತಿರುಗಿದವು. ಹೈದರಾಬಾದಿನಲ್ಲಿಯಾದರೋ ಸೋತ ನಿಜಾಮರನ್ನೇ ರಾಜಪ್ರಮುಖರನ್ನಾಗಿ ಇರಿಸಿಕೊಂಡು, 1952ರಲ್ಲಿ ಚುನಾಯಿತ ಮಂತ್ರಿಮಂಡಲಕ್ಕೆ ಅಧಿಕಾರವನ್ನೊಪ್ಪಿಸಲಾಯಿತು. 1956ರಲ್ಲಿ ಆ ಮೂರು ಜಿಲ್ಲೆಗಳು ಕನ್ನಡನಾಡನ್ನು ಸೇರಿದಾಗ ನಿಜಾಮರ ಆ ಪದವಿಯೂ ಇಲ್ಲದಾಯಿತು.