ಪರದೇಶದಲ್ಲಿ ಹಬ್ಬದ ರಜೆ

ಹಬ್ಬದ ದಿನ ತನ್ನವರ ನಡುವೆ ಇರಬೇಕೆಂಬುದು ಎಲ್ಲರಿಗೂ ಸಹಜವಾದ ಅಭಿಲಾಷೆ. ದೂರದ ಊರಿನಲ್ಲಿರುವ ಮಗನು ದೀಪಾವಳಿಗೆ ಬಾರದಿದ್ದರೆ, ತಾಯಿಯು ಎಣ್ಣೆಶಾಸ್ತ್ರಕ್ಕೆ ಮಣೆ ಹಾಕುವಾಗ ಮರೆತು ಒಂದು ಮಣೆಯನ್ನು ಹೆಚ್ಚಾಗಿ ಹಾಕಿ, ಆಮೇಲೆ ಸದ್ದಿಲ್ಲದೆ ಅದನ್ನು ತೆಗೆದಿಡುವಳು. ಇದು ನಮ್ಮ ವಾಚಕರೆಲ್ಲರೂ ಬಲ್ಲ ಸಂಗತಿ. ಆದರೆ ದೂರದಲ್ಲಿರುವ ಆ ಮಗನೋ ಮಗಳೋ ಆ ದಿನವನ್ನು ಹೇಗೆ ಕಳೆದರೆಂಬುದನ್ನು ನಾವು ಅಷ್ಟಾಗಿ ವಿಚಾರಿಸುವುದಿಲ್ಲ. ಅವರಿರುವ ಊರಿಗೆ ಅದು ಹಬ್ಬವೇ ಅಲ್ಲವಾದರೆ ಆಗ ಹೇಗೆ?

ನಮ್ಮ ಹಳೆಯ ಶಿಷ್ಯನೊಬ್ಬನು ಮೈಸೂರನ್ನು ಬಿಟ್ಟು ಅಮೆರಿಕೆಯಲ್ಲಿ ನೆಲಸಿ ಬಹುಕಾಲವಾಯಿತು. ಅಲ್ಲಿಯೇ ಹುಟ್ಟಿ ಬೆಳೆದ ಅವನ ಮಗಳು, ಇಪ್ಪತ್ತಮೂರು ವರ್ಷದವಳು, 2024ರ ಆಗಸ್ಟ್ ತಿಂಗಳಿನಲ್ಲಿ ಜಪಾನಿಗೆ ಇಂಗ್ಲಿಷ್ ಕಲಿಸಲು ಹೋದಳು. ಜಪಾನಿನವರು 1987ರಿಂದ ಹೊರದೇಶಗಳ ಪದವೀಧರರಾದ ತರುಣ ತರುಣಿಯರನ್ನು ಕರೆಸಿಕೊಂಡು ತಮ್ಮ ಶಾಲೆಗಳಲ್ಲಿ ಸಹಾಯಕ ಉಪಾಧ್ಯಾಯರನ್ನಾಗಿ ನೇಮಿಸುತ್ತಿರುವರು. ಆ ಏರ್ಪಾಡಿಗೆ ಜೆಟ್ ಎಂದು ಹೆಸರು. ಕರಾರು ಒಂದೊಂದು ವರ್ಷದ್ದು. ಹೆಚ್ಚೆಂದರೆ ಐದು ವರ್ಷ ಮುಂದುವರಿಸಬಹುದು. ಮುಂದೆ ಇರುವರೋ ಹೊರಡುವರೋ ಎಂಬುದನ್ನು ಚಳಿಗಾಲದಲ್ಲಿಯೇ ಬರೆದುಕೊಡಬೇಕು. ಆ ಕಾಗದವು ಡಿಸೆಂಬರಿನಲ್ಲಿ ಈ ಹುಡುಗಿಯ ಮೇಜಿನ ಮೇಲಿತ್ತು. ಹೊರಡುವೆನೆಂದು ಬರೆಯಲು ಎರಡು ಸಲ ಲೇಖನಿಯನ್ನು ಕೈಗೆ ತೆಗೆದುಕೊಂಡಿದ್ದಳಂತೆ. 2025ರ ಆಗಸ್ಟ್‌ನಲ್ಲಿ ಆಕೆಯು ಮೈಸೂರಿಗೆ ಬಂದಾಗ ನಮ್ಮ ಮನೆಯ ಜಗಲಿಯಲ್ಲಿ ಕುಳಿತು ಹೇಳಿದುದನ್ನು ವಾಚಕರ ಮುಂದೆ ಇಡುತ್ತೇವೆ.

ಆಕೆಗೆ ಗೊತ್ತಾದುದು ಜಪಾನ್ ಸಮುದ್ರದ ದಂಡೆಯಲ್ಲಿರುವ ಷಿಮಾನೆ ಪ್ರಾಂತದ ಒಂದು ಸಣ್ಣ ಊರು. ಲಾಫ್ಕಾಡಿಯೊ ಹರ್ನ್ ಎಂಬ ಪ್ರಸಿದ್ಧ ಗ್ರಂಥಕರ್ತನು 1890ರಲ್ಲಿ ಇಂಗ್ಲಿಷ್ ಪಾಠ ಹೇಳಲು ಬಂದುದು ಇದೇ ಪ್ರಾಂತದ ಮಾತ್ಸುಎ ಪಟ್ಟಣಕ್ಕೆ. ಆತನು ಅಲ್ಲಿಯ ಕನ್ಯೆಯ ಕೈಹಿಡಿದು 1896ರಲ್ಲಿ ಆ ದೇಶದ ಪ್ರಜೆಯೇ ಆದನು. ಅಂಥವನಿಗೂ ಮಾತ್ಸುಎಯ ಚಳಿಯು ತಡೆಯದೆ, 1891ರಲ್ಲಿಯೇ ದಕ್ಷಿಣದ ಕುಮಾಮೊಟೊ ಪಟ್ಟಣಕ್ಕೆ ಹೊರಟುಹೋದನು. ಹೀಗಿರಲು ನಮ್ಮ ಹುಡುಗಿಯು ನಡುಗಿದುದು ಏನಾಶ್ಚರ್ಯ? ಆಕೆಯ ಮನೆಯಲ್ಲಿ ಬೆಚ್ಚಗಿದ್ದುದು ಸೀಮೆಎಣ್ಣೆಯ ಒಲೆಯಿದ್ದ ಒಂದು ಕೋಣೆ ಮಾತ್ರ. ಕೋತಾತ್ಸು ಎಂಬ ಗಿಡ್ಡ ಮೇಜಿನ ಕೆಳಗೆ ಶಾಖದ ಯಂತ್ರವಿರುವುದು. ಅದರ ಮೇಲೆ ಹೊದಿಸಿದ ರಜಾಯಿಯೊಳಗೆ ಕಾಲು ಚಾಚಿಕೊಂಡು ಸಂಜೆಗಳನ್ನು ಕಳೆದಳು.

ಆಕೆಯು ಕ್ರೈಸ್ತಳಲ್ಲ, ಅವರ ಮನೆಯಲ್ಲಿ ಗಣಪತಿಯನ್ನು ಕೂರಿಸುವರು. ಆದರೆ ಅಮೆರಿಕೆಯಲ್ಲಿ ವರ್ಷದ ಕೊನೆಯೆಂದರೆ ಅಣ್ಣನು ಮನೆಗೆ ಬರುವ ಕಾಲ, ಚಿಕ್ಕಪ್ಪನ ಮಕ್ಕಳು ಬರುವ ಕಾಲ. ಜಪಾನಿನಲ್ಲಿ ಡಿಸೆಂಬರ್ 25 ರಜೆಯ ದಿನವಲ್ಲ. (23ನೆಯ ತಾರೀಖು ಹಿಂದಿನ ಚಕ್ರವರ್ತಿಗಳ ಜನ್ಮದಿನವೆಂದು 1989ರಿಂದ 2018ರವರೆಗೆ ರಜೆಯಾಗಿದ್ದಿತು, ಅವರು ಪಟ್ಟವನ್ನು ಬಿಟ್ಟುಕೊಟ್ಟ ಮೇಲೆ ಅದೂ ಹೋಯಿತು.) ಅಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರಷ್ಟೇ. ಆದರೂ ಅಂಗಡಿಗಳಲ್ಲಿ ದೀಪಕ್ಕೂ ಹಾಡಿಗೂ ಕೊರತೆಯಿಲ್ಲ. 1974ರಲ್ಲಿ ಕೆಂಟಕಿ ಕೋಳಿಯ ಕಂಪನಿಯವರು ಮಾಡಿದ ಜಾಹೀರಾತಿನ ಫಲವಾಗಿ, ಆ ದಿನ ಕರಿದ ಕೋಳಿಯನ್ನು ತಿನ್ನುವುದು ಆ ದೇಶದ ಸಂಪ್ರದಾಯವೇ ಆಗಿದೆ. ವಾರಗಳ ಮುಂಚೆಯೇ ಹೇಳಿಡಬೇಕಂತೆ. ಐವತ್ತು ವರ್ಷಗಳಲ್ಲಿ ಒಂದು ಆಚಾರವು ಹುಟ್ಟಿ ಬೇರೂರಿದುದನ್ನು ಕೇಳಿ, ನಮ್ಮ ಆಚಾರಗಳಲ್ಲಿ ಎಷ್ಟು ಹೀಗೆ ಹುಟ್ಟಿದುವೋ ಎಂದು ನಾವು ಒಂದು ಗಳಿಗೆ ಯೋಚಿಸಿದುದುಂಟು.

24ನೆಯ ತಾರೀಖಿನ ರಾತ್ರಿಯು ಅಲ್ಲಿ ಪ್ರಣಯಿಗಳು ಜೊತೆಯಾಗಿ ತಿರುಗಾಡುವ ರಾತ್ರಿ. ಮಾಂಸ ಮೀನುಗಳನ್ನು ಮುಟ್ಟದ ಈ ಹುಡುಗಿಯು ಕೆನೆಯ ಮೇಲೆ ಕೆಂಪು ಹಣ್ಣಿಟ್ಟ ಕೇಕನ್ನು ಕೊಂಡುತಂದಳು. ಡಬ್ಬಿಯಲ್ಲಿ ತುಂಡುಗಳು ಎರಡಿದ್ದುವು. ಒಂದನ್ನು ತಿಂದು, ಇನ್ನೊಂದನ್ನು ಏನು ಮಾಡುವುದೆಂದು ತೋರದೆ ಕುಳಿತಳು. ಆಗ ಅಮೆರಿಕೆಯಲ್ಲಿ ಬೆಳಗು ಹರಿದಿರಲಿಲ್ಲ. ತಾಯಿಯೊಡನೆ ಮಾತನಾಡುವಂತೆಯೂ ಇರಲಿಲ್ಲ.

ಮರುದಿನ ಶಾಲೆಯು ಮುಚ್ಚಿತು. ಮಕ್ಕಳಿಗೆ ರಜೆ ಬಂದರೂ ರಜೆಯ ಚೀಟಿಯನ್ನು ಬರೆದುಕೊಡದ ಉಪಾಧ್ಯಾಯರು ಬಂದು ಕೂರಬೇಕೆಂಬುದು ಅಲ್ಲಿಯ ಕಟ್ಟಳೆ. ಜೊತೆಗಾರರಾದ ಬೇರೆ ಬೇರೆ ಊರಿನ ಪರದೇಶೀಯರು ಥಾಯ್‌ಲೆಂಡಿಗೋ ತಮ್ಮ ದೇಶಕ್ಕೋ ಹೊರಟುಹೋಗಿದ್ದರು. ವಿಮಾನದ ದರವು ಏರಿದ್ದುದರಿಂದ ಈಕೆಯು ಹೊರಡಲಿಲ್ಲ. 26, 27ರಂದು ಉಪಾಧ್ಯಾಯರ ಕೊಠಡಿಯಲ್ಲಿ ಸುಮ್ಮನೆ ಕುಳಿತಿದ್ದಳು. ಮಕ್ಕಳಿಲ್ಲದ ಶಾಲೆಯು ಎಂಥದೆಂಬುದನ್ನು ನಮಗೆ ಯಾರೂ ಹೇಳಬೇಕಾದುದಿಲ್ಲ. ಅಲ್ಲಿ ಸೀಮೆಸುಣ್ಣದ ವಾಸನೆಯೂ ಬೇರೆಯಾಗಿರುವುದು.

ತರುವಾಯ ಆ ಊರಿನವರ ಹಬ್ಬವು ಬಂದಿತು. ಜಪಾನೀಯರು 1873ರಲ್ಲಿ ಇಂಗ್ಲಿಷ್ ಪಂಚಾಂಗವನ್ನು ಅಂಗೀಕರಿಸಿದರು. ಅದಕ್ಕೆ ಮುಂಚೆ ಅವರ ವರ್ಷಾದಿಯೂ ನಮ್ಮ ಯುಗಾದಿಯಂತೆ ಚಂದ್ರನನ್ನು ನೋಡಿಕೊಂಡೇ ಬರುತ್ತಿದ್ದಿತು. ಈಗ ಜನವರಿ 1 ಅವರಿಗೆ ವರ್ಷದ ಮುಖ್ಯ ಹಬ್ಬ. ಡಿಸೆಂಬರ್ 29ರಿಂದ ಜನವರಿ 3ರವರೆಗೆ ಸರ್ಕಾರಿ ಕಚೇರಿಗಳು ತೆರೆಯುವುದಿಲ್ಲ. ಪಟ್ಟಣಗಳಲ್ಲಿರುವ ಮಕ್ಕಳು ಹುಟ್ಟೂರಿಗೆ ಬರುವರು. ಇದು ಬೀದಿಯ ಹಬ್ಬವಲ್ಲ, ಮನೆಯೊಳಗಿನ ಹಬ್ಬ. ಪರಸ್ಥಳದವರು ಹೊರಗೆ ನಿಂತು ನೋಡೋಣವೆಂದರೂ ಕಾಣುವುದು ಬಾಗಿಲಿಗೆ ಕಟ್ಟಿದ ಹುಲ್ಲುಹಗ್ಗ ಮಾತ್ರ. ಆಕೆಯ ಹಬ್ಬದ ದಿನ ಊರು ದುಡಿಯಿತು. ಊರು ಹಬ್ಬ ಮಾಡುವಾಗ ಆಕೆಯು ಕಿಟಕಿಯ ಬಳಿ ಕುಳಿತಿದ್ದಳು. ಲೇಖನಿಯನ್ನು ಎರಡನೆಯ ಸಲ ತೆಗೆದುಕೊಂಡುದು ಆಗಲೇ.

30ರ ಬೆಳಗ್ಗೆ ಪಕ್ಕದ ಮನೆಯ ಅಜ್ಜಿಯು ಬಂದು ಬಾಗಿಲು ತಟ್ಟಿದಳು. ಊಟಕ್ಕೆ ಬಾ ಎಂದು ಕರೆಯಲಿಲ್ಲ. ಯಜಮಾನರಿಗೆ ಸೊಂಟದ ನೋವು, ಮಗನು ಓಸಾಕಾದಿಂದ ಬರುವುದು ನಾಳೆ, ಅನ್ನ ಕುಟ್ಟಬೇಕು, ನಿನ್ನ ತೋಳು ಎಳೆಯದು, ಬಾ ಎಂದಳು. ನಿನ್ನೆ ಏಕೆ ಕುಟ್ಟಲಿಲ್ಲವೆಂದರೆ, ಒಂಬತ್ತಕ್ಕೆ ಅವರ ನುಡಿಯಲ್ಲಿ 'ಕು' ಎನ್ನುವರು. ಕ್ಲೇಶಕ್ಕೂ 'ಕು' ಎಂದೇ. ಆದುದರಿಂದ 29ರಂದು ಆ ಕೆಲಸವು ನಿಷಿದ್ಧ. (ನಮ್ಮಲ್ಲಿ ರಾಹುಕಾಲವನ್ನು ನೋಡುವವರು ನಗಬೇಕಾಗಿಲ್ಲ.) ಆವಿಯಲ್ಲಿ ಬೆಂದ ಅಂಟಕ್ಕಿಯನ್ನು ಒರಳಿಗೆ ಹಾಕಿ, ಕೊಡತಿಯಂತಹ ದೊಡ್ಡ ಮರದ ಸುತ್ತಿಗೆಯಿಂದ ಒಬ್ಬರು ಹೊಡೆಯಬೇಕು; ಎರಡು ಪೆಟ್ಟಿನ ನಡುವೆ ಇನ್ನೊಬ್ಬರು ಒದ್ದೆಗೈಯಿಂದ ಮುದ್ದೆಯನ್ನು ಮಗುಚಬೇಕು. ಲಯವು ತಪ್ಪಿದರೆ ಮಗುಚುವವರ ಬೆರಳು ಹೋಯಿತು. ಹೊಡೆದವಳು ನಮ್ಮ ಹುಡುಗಿ, ಮಗುಚಿದವಳು ಎಪ್ಪತ್ತು ದಾಟಿದ ಅಜ್ಜಿ! ಮೊದಲ ಹತ್ತು ಪೆಟ್ಟಿನವರೆಗೆ ಆಕೆಗೆ ಉಸಿರೇ ಇರಲಿಲ್ಲವಂತೆ. ಆಮೇಲೆ ಚಳಿಯೂ ಮರೆಯಿತು, ಕಾಗದವೂ ಮರೆಯಿತು. ಮೋಚಿ ಎಂಬ ಆ ಮುದ್ದೆಯನ್ನು ಪಶ್ಚಿಮ ಜಪಾನಿನವರು ದುಂಡಗೆ ಮಾಡುವರು, ಪೂರ್ವದವರು ಚೌಕವಾಗಿ ಕತ್ತರಿಸುವರು. ಈಕೆಯು ಮಾಡಿದವು ದುಂಡಗೂ ಆಗದೆ ಚೌಕವೂ ಆಗದೆ ಇದ್ದುದನ್ನು ನೋಡಿ ಅಜ್ಜಿಯು ನಕ್ಕು ಮತ್ತೆ ಮಾಡಿಸಿದಳು.

ಮರುದಿನವೂ ಕೆಲಸಕ್ಕೇ ಕರೆ: ಕಿಟಕಿಗಳನ್ನು ಒರಸುವುದು, ದೇವರ ಗೂಡಿನ ಧೂಳು ತೆಗೆಯುವುದು. ರಾತ್ರಿ ಸೋಬಾ ಎಂಬ ಉದ್ದನೆಯ ಶಾವಿಗೆ. ಅದರ ಸಾರು ಮೀನಿನದೆಂದು ಈಕೆಯು ಅಳುಕುತ್ತಿದ್ದಾಗ, ಅಜ್ಜಿಯು ಕಡಲಪಾಚಿಯನ್ನೂ ಅಣಬೆಯನ್ನೂ ಕುದಿಸಿ ಬೇರೆ ಸಾರು ಮಾಡಿಟ್ಟಿದ್ದಳು. ಬೆಳಗ್ಗೆ ಬಟ್ಟಲಿಗೆ ಬಡಿಸಿದುದು ಆ ಸೀಮೆಯ ಪದ್ಧತಿಯಂತೆ, ಅಲಸಂದೆಯ ಜಾತಿಯ ಸಣ್ಣ ಕೆಂಪು ಕಾಳಿನ ಸಿಹಿ ಗಂಜಿಯಲ್ಲಿ ಮುಳುಗಿಸಿದ ಮೋಚಿ. "ತಾತ, ಅದು ನಮ್ಮ ಹೂರಣದ ರುಚಿ. ನಾನು ಅತ್ತುಬಿಟ್ಟೆ" ಎಂದಳು.

ನಡುರಾತ್ರಿ ಊರಿನ ಬೌದ್ಧ ದೇವಾಲಯದಲ್ಲಿ ಗಂಟೆಯನ್ನು ನೂರ ಎಂಟು ಸಲ ಹೊಡೆದರು. ಸಾಲಿನಲ್ಲಿ ನಿಂತು ಈಕೆಯೂ ಒಂದು ಸಲ ಹೊಡೆದಳು. ಮನುಷ್ಯನ ಕ್ಲೇಶಗಳು ನೂರ ಎಂಟೆಂದು ಅವರ ಎಣಿಕೆ. ಆ ಮಾತಿನ ಮೂಲವು ಸಂಸ್ಕೃತದ ಕ್ಲೇಶ ಶಬ್ದವೇ, ನಮ್ಮ ಜಪಮಾಲೆಯ ಮಣಿಗಳೂ ಅಷ್ಟೇ ಎಂದು ನಾವು ಹೇಳಿದಾಗ ಹುಡುಗಿಯ ಕಣ್ಣು ಅರಳಿತು. ಅಜ್ಜಿಯ ಮನೆಯ ಗೋಡೆಯಲ್ಲಿದ್ದ ಚಿತ್ರದಲ್ಲಿ ಏಳು ಭಾಗ್ಯದೇವತೆಗಳು ಹಡಗಿನಲ್ಲಿ ಕುಳಿತಿದ್ದರಂತೆ. ಅವರಲ್ಲಿ ವಾದ್ಯವನ್ನು ಹಿಡಿದ ಬೆಂಜೈತೆನ್ ನಮ್ಮ ಸರಸ್ವತಿ, ದೈಕೊಕುತೆನ್ ನಮ್ಮ ಮಹಾಕಾಲ, ಬಿಷಾಮೊನ್ತೆನ್ ನಮ್ಮ ವೈಶ್ರವಣ. ಮೂವರೂ ಚೀನಾದ ಮಾರ್ಗವಾಗಿ ಹೋದವರು. ಇಷ್ಟನ್ನು ಹೇಳಲು ನಮಗೆ ಅರ್ಧ ಗಂಟೆಯೇ ಹಿಡಿಯಿತು. ಮೇಷ್ಟರ ಚಾಳಿ ಹೋಗುವುದೆಲ್ಲಿ? ಬೆಂಜೈತೆನ್‌ಗೆ ಸರ್ಪವು ಪ್ರಿಯ, 2025 ಅವರಿಗೆ ಸರ್ಪದ ವರ್ಷ. ಜನವರಿ 1ರ ಬೆಳಗ್ಗೆ ಟಪಾಲಿನವನು ಶಾಲೆಯ ಮಕ್ಕಳು ಬರೆದ ಹನ್ನೊಂದು ಶುಭಾಶಯದ ಕಾರ್ಡುಗಳನ್ನು ತಂದುಕೊಟ್ಟನು. ಎಲ್ಲದರಲ್ಲಿಯೂ ಹಾವಿನ ಚಿತ್ರ. ಒಂದಕ್ಕೆ ಮಾತ್ರ ಕನ್ನಡಕ ಹಾಕಿದ್ದಿತು, ಏಕೆಂದರೆ ಈ ಉಪಾಧ್ಯಾಯಿನಿಯು ಕನ್ನಡಕದವಳು.

ರಜೆ ಮುಗಿದು ಕಚೇರಿಯು ತೆರೆದ ದಿನ ಕಾಗದದಲ್ಲಿ ಇರುವೆನೆಂದು ಬರೆದುಕೊಟ್ಟಳು. ಅಜ್ಜಿಯು ಬರಿಯ ಊಟಕ್ಕೆ ಕರೆದಿದ್ದರೆ ಏನಾಗುತ್ತಿತ್ತೆಂದು ಕೇಳಿದೆವು. "ಅತಿಥಿಯೆಂದು ಕೂರಿಸಿದ್ದರೆ ಬೇಗ ಊಟ ಮುಗಿಸಿ ಎದ್ದು ಬರುತ್ತಿದ್ದೆ, ತಾತ" ಎಂದಳು.

ಈ ಮಾತು ನಮ್ಮನ್ನು ಚುಚ್ಚಿತು. ಬಹಳ ವರ್ಷಗಳ ಕೆಳಗೆ ನಮ್ಮ ಶಾಲೆಗೆ ಯೂರೋಪಿನಿಂದ ಒಬ್ಬ ತರುಣನು ಒಂದು ವರ್ಷದ ಮಟ್ಟಿಗೆ ಪಾಠ ಹೇಳಲು ಬಂದಿದ್ದನು. ದೀಪಾವಳಿಯ ಮೂರು ದಿನವೂ ಶಾಲೆಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇದ್ದನು. ನಾವು ಒಬ್ಬ ಹುಡುಗನ ಕೈಯಲ್ಲಿ ಚಕ್ಕುಲಿ, ರವೆ ಉಂಡೆಗಳ ಡಬ್ಬಿಯನ್ನು ಕಳುಹಿಸಿ, ಆತಿಥ್ಯವು ಸಾಂಗವಾಯಿತೆಂದು ಭಾವಿಸಿದೆವು. ಡಬ್ಬಿಯನ್ನು ತೊಳೆದು, ಒರಸಿ, ತಾನೇ ತಂದುಕೊಟ್ಟನು. ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಂತಿದ್ದನು. ಒಳಗೆ ನಮ್ಮ ಮಕ್ಕಳು ಹಣತೆಗೆ ಬತ್ತಿ ಹೊಸೆಯುತ್ತಿದ್ದರು. ಕುಳಿತು ನಾಲ್ಕು ಬತ್ತಿ ಹೊಸೆ ಎನ್ನಲು ನಮಗೆ ತೋಚಲಿಲ್ಲ. ನಾವು ವಂದನೆ ಹೇಳಿ ಡಬ್ಬಿಯನ್ನು ತೆಗೆದುಕೊಂಡೆವು.

ಹುಡುಗಿಯು ಹೊರಡುವ ಮುನ್ನಾದಿನ ನಮ್ಮ ಮನೆಯವರ ಬಳಿ ಕುಳಿತು ಹೋಳಿಗೆ ಮಾಡುವುದನ್ನು ಬರೆದುಕೊಂಡಳು. ಕಡಲೆಬೇಳೆಗೆ ಬದಲು ಆ ಕೆಂಪು ಕಾಳಿನಿಂದಲೇ ಮಾಡಿ ಅಜ್ಜಿಗೆ ತಿನ್ನಿಸುವಳಂತೆ. ಆದರೆ ಕಣಕವನ್ನು ತಟ್ಟುವಾಗ ಅಜ್ಜಿಯೇ ಪಕ್ಕದಲ್ಲಿ ಕುಳಿತು ತಟ್ಟಬೇಕು, ತಾನು ನಕ್ಕು ಮತ್ತೆ ಮಾಡಿಸಬೇಕು ಎಂದಳು. ನಮ್ಮ ಮನೆಯವರು ಹಳೆಯ ಲಟ್ಟಣಿಗೆಯೊಂದನ್ನು ಆಕೆಯ ಪೆಟ್ಟಿಗೆಯಲ್ಲಿ ಬಟ್ಟೆಗಳ ನಡುವೆ ಸುತ್ತಿ ಇಟ್ಟರು.